ನೀರು ಕುಡಿಯುವಷ್ಟು ಹೊತ್ತು

ಗಾಳಿ ಮೈಕಿಗೆ ಹೊಡೆಯಬಾರದೆಂದು
ಅಕ್ಕನ ಮಗುವಿನ ಕುಲಾವಿ ತೊಡಿಸಿದ್ದೆ ಅದಕ್ಕೆ,
ಕೆಂಪು ಉಣ್ಣೆ, ತುದಿಗೊಂದು ಗೊಂಡೆ.
ಶಹಾಬಾದಿನ ಖಣಿಗೆ ಇಳಿದಾಗ
ಎಲ್ಲರೂ ಕೆಲಸ ಬಿಟ್ಟು ನಕ್ಕರು.
ಆ ನಗುವೂ ಇದೆ ನನ್ನ ಬಳಿ, ಫೈಲು ನಾಲ್ಕು.

ನಲವತ್ತು ನಿಮಿಷ ತುಂಬಿಕೊಂಡೆ:
ವಾಡಿಯ ಕಡೆ ತೆವಳುವ ಗೂಡ್ಸು,
ಟ್ರ್ಯಾಕ್ಟರು, ಸೀನಿದ ನಾಯಿ,
ಯಾರದೋ ಫೋನಿನಲ್ಲಿ ಯಾರದೋ ಹೆಂಡತಿಯ ಸಿಟ್ಟು,
ಮತ್ತೆ ಉಳಿ, ಸುತ್ತಿಗೆ,
ಪುಸ್ತಕದ ಹಾಗೆ ಪದರು ಬಿಚ್ಚುವ ಕಲ್ಲು.

ಸೈಬಣ್ಣ
ಎಬ್ಬಿಸಿದ ಫರಸಿಯನ್ನು ಬೆರಳ ಗೆಣ್ಣಿನಿಂದ ಬಡಿದು
ತಲೆ ವಾರೆ ಮಾಡಿ ಕೇಳುತ್ತಿದ್ದ,
ಬೀಗರ ಬಾಗಿಲು ತಟ್ಟಿ ಕಾಯುವವನಂತೆ.
‘ಖಣ್ ಅಂದ್ರ ಲಾರಿಗಿ.
ಬದ್ ಅಂದ್ರ ಒಳಗ ಬಿರುಕು ಅದ, ದನದ ಕೊಟ್ಟಿಗಿಗಿ.’
ನಿಮ್ಮ ಸುತ್ತಿಗೆಯ ಸದ್ದು ಹಾಡಿಗೆ ಬೇಕು, ಎಂದೆ.
‘ಫೂಟಿಗಿ ಎಷ್ಟು ಕೊಡ್ತಿ, ಯವ್ವಾ?’
ಸದ್ದು ಅಳೆಯುವ ಟೇಪು ನನ್ನ ಹತ್ತಿರ ಇರಲಿಲ್ಲ.
ಚಹಾ ಕುಡಿಸಿ ಬಂದೆ. ಆ ಲೆಕ್ಕ ಇನ್ನೂ ಹರಿದಿಲ್ಲ.

ಕಲಬುರಗಿಯ ಮಾಳಿಗೆಯ ಕೋಣೆ, ಮೇ ತಿಂಗಳು.
ಕೂಲರಿನ ಗುಂಯ್ ಬೇಡವೆಂದು
ಅದನ್ನೂ ಬಂದ್ ಮಾಡಿ, ಬೆವರುತ್ತ
ಎರಡು ಸೆಕೆಂಡು ಆರಿಸಿಕೊಂಡೆ.
ಪರದೆಯ ಮೇಲೆ ಅದಕ್ಕೊಂದು ಚೂಪು ತಲೆ,
ಉದ್ದಕ್ಕೆ ಸವೆಯುವ ಬಾಲ.
ಪೆಟ್ಟಿಗೆ ಮೊದಲು ಒಂದು ‘ಹುಂ’ ಇತ್ತು, ಉಸಿರಿನದು.
ಕತ್ತರಿಸಿದೆ.
ಸ್ವರ ಒಂದು ಮೆಟ್ಟಿಲು ಇಳಿಸಿದೆ, ಮತ್ತೊಂದು,
ಖಣ್ ಎಂಬುದು ಘಂ ಆಗುವ ತನಕ.
ಕೆಳಗೆ ತೊಗರಿ ಮಿಲ್ಲಿನ ಜರಡಿಯ ಸರಸರ ಹಾಸಿದೆ
(ಅದು ಬೇರೆ ದಿನದ ಕದಿಯುವಿಕೆ,
ಮಾಲೀಕ ಊಟಕ್ಕೆ ಹೋಗಿದ್ದ).
ನಾಲ್ಕಕ್ಕೆ ನಾಲ್ಕು ಕೂಡಿಸಿ ಸುತ್ತು ಕಟ್ಟಿದರೆ
ಬೆಳಗಿನ ಜಾವ ಕೋಣೆಯ ತುಂಬ ಸೈಬಣ್ಣರು,
ಒಬ್ಬನಿಗೂ ಮುಖವಿಲ್ಲ, ಒಬ್ಬನಿಗೂ ದಣಿವಿಲ್ಲ.
ಬರಿಗಾಲಲ್ಲಿ ಕುಣಿದೆ. ಕೆಳಮನೆಯವರು
ಕಸಬರಿಗೆಯ ಹಿಡಿಯಿಂದ ಛತ್ತು ಕುಟ್ಟಿದರು,
ತಾಳ ತಪ್ಪಿಸಿ.

ವಾರ ಬಿಟ್ಟು ಕೇಳಿಸಲು ಹೋದೆ.
ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ,
ಇನ್ನೊಂದು ಪಕ್ಕದ ಖಾಜಾಮಿಯಾನ ಕಿವಿಗೆ,
ನಡುವೆ ವಯರು
ಬಟ್ಟೆ ಒಣಹಾಕುವ ಹಗ್ಗದಂತೆ ಜೋತಿತ್ತು.
ಛಲೋ ಎನ್ನಲಿಲ್ಲ, ಕೆಟ್ಟದ್ದೆನ್ನಲಿಲ್ಲ.
‘ಇದು ನಂದಲ್ಲ’ ಎಂದ ಸೈಬಣ್ಣ.
‘ಇವನ ಕೈ. ಎಡಚ ಹಾನ, ಪೆಟ್ಟು ವಾರಿ ಬೀಳ್ತದ.
ಹೊಡಿಯೂ ಮೊದಲ ಹುಂ ಅಂತಾನ, ಅದೆಲ್ಲಿಟ್ಟಿ?’
ಖಾಜಾಮಿಯಾ ಹಲ್ಲು ಬಿಟ್ಟ.
ನನ್ನ ಫೈಲಿನ ಹೆಸರು: ಸೈಬಣ್ಣ, ಒಂದು.

ಇನ್ನೂ ಸ್ವಲ್ಪ ಕೇಳಿ, ಇಯರ್‌ಫೋನು ಕಳಚಿ,
‘ಮತ್ತ ಇವ ನೀರು ಯಾವಾಗ ಕುಡೀತಾನ?’

ಒದ್ದೆ ಗೋಣಿ ಸುತ್ತಿದ ಕ್ಯಾನು ಎತ್ತಿ
ಖಾಜಾಮಿಯಾ ನನ್ನೆದುರೇ ಕುಡಿದು ತೋರಿಸಿದ,
ಕೊರಳ ಗಂಟು ಏರಿ, ಇಳಿದು.
ಬೆರಳು ಮಡಿಚುತ್ತ ಎಣಿಸಿದೆ: ಹನ್ನೊಂದು.

ಹಾಡು ಮೊದಲು ನುಡಿದದ್ದು ವಾಡಿಯ ಒಂದು ಮದುವೆಯಲ್ಲಿ,
ಮುಕ್ರಮನ ಡಿಜೆ ಗಾಡಿಯಿಂದ.
ಹುಂ, ಘಂ. ಹುಂ, ಘಂ.
ಧೂಳೆದ್ದಿತು, ವರನ ಪೇಟ ಜಾರಿತು,
ಆಮೇಲೆ ಆ ಜಾಗ ಬಂತು.

ಎತ್ತಿದ ಕೈ ಎತ್ತಿದಂತೆ ನಿಂತವು.
‘ಕರೆಂಟ್ ಹೋಯ್ತೇನೋ?’
ಮುಕ್ರಮ ವಯರು ಅಲುಗಿಸಿ ನನ್ನ ಕಡೆ ಕಣ್ಣು ಬಿಟ್ಟ.
ಬೇಡ, ಎಂದು ಕೈಮಾಡಿದೆ. ನಾಲ್ಕು. ಐದು.
ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬಳು
‘ಈಗ ಛಂದ ಆತು ನೋಡು’ ಎಂದಳು.
ಏಳು.
ಅಂಗಳಕ್ಕೆ ಹಾಸಿದ್ದು ಶಹಾಬಾದಿ ಫರಸಿಯೇ;
ಯಾವುದೋ ಹುಡುಗಿಯ ಹಿಮ್ಮಡಿ ತಾಗಿ
ಖಣ್.
ನನಗೆ ಗೊತ್ತಿಲ್ಲದೆ ತಲೆ ವಾರೆಯಾಯಿತು.
ಒಂಬತ್ತು. ಹತ್ತು.
ಇನ್ನೂ ಒಂದಿತ್ತು.